ಇಲ್ಲದ ಪ್ರಾಣಿಯ ಹಸಿವು

ಆಷಾಢದ ಮಳೆ ಬಿಡದೆ ಹಿಡಿದ ಒಂದು ಸಂಜೆ. ಕುಂದಾಪುರದ ಒಂದು ಮನೆಯ ಜಗಲಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಗಣಿತದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪ್ರಾಣಿಯನ್ನು ಸೃಷ್ಟಿಸುತ್ತ ಕುಳಿತಿದ್ದಾನೆ. ತಾಯಿ ಅವನ ಕೈಯಿಂದ ಮೊಬೈಲು ಫೋನನ್ನು ಕಸಿದುಕೊಂಡು ಅರ್ಧ ಗಂಟೆಯಾಗಿದೆ. ಅದರೊಳಗಿನ ಆಟದಲ್ಲಿ ನೂರಾರು ವಿಚಿತ್ರ ಜೀವಿಗಳನ್ನು ಹಿಡಿದು ಕೂಡಿಹಾಕಿರುವ ಈ ಬೇಟೆಗಾರ, ಅವೆಲ್ಲವನ್ನೂ ಒಂದೇ ಏಟಿಗೆ ಸೋಲಿಸಬಲ್ಲ ಹೊಸತೊಂದನ್ನು ತಾನೇ ನಿರ್ಮಿಸಹೊರಟಿದ್ದಾನೆ. ಆರು ಕೊಂಬು, ನಾಲ್ಕು ರೆಕ್ಕೆ, ಮೂರು ಬಾಲ, ಬಾಯಿಯಿಂದ ಬೆಂಕಿ, ಕಣ್ಣಿನಿಂದ ಮಿಂಚು, ಮೈತುಂಬ ಮುಳ್ಳು. ಹಾಳೆಯಲ್ಲಿ ಇನ್ನು ಬೆರಳಿಡುವಷ್ಟೂ ಜಾಗ ಉಳಿದಿಲ್ಲ.

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಚಿತ್ರವನ್ನು ಬಹಳ ಹೊತ್ತು ನೋಡಿದರು. ಅನಂತರ ಕೇಳಿದರು: “ಇದ್ ಎಂತ ತಿಂತ್ ಮಗಾ? ಎಲ್ ಮನಿಕಂತ್? ಯಾರಿಗ್ ಹೆದ್ರತ್?”

ಅದು ಏನನ್ನೂ ತಿನ್ನುವುದಿಲ್ಲ, ಎಲ್ಲಿಯೂ ಮಲಗುವುದಿಲ್ಲ, ಯಾರಿಗೂ ಹೆದರುವುದಿಲ್ಲ ಎಂದು ಹುಡುಗ ಹೆಮ್ಮೆಯಿಂದ ಉತ್ತರಿಸಿದ. ಅಜ್ಜಿ ಮತ್ತೆ ಬತ್ತಿಯ ಕಡೆಗೆ ತಿರುಗಿದರು. “ಹಂಗಾರೆ ಅದ್ ಪ್ರಾಣಿ ಅಲ್ಲ ಮಗಾ” ಎಂಬುದೇ ಅವರ ತೀರ್ಪು.

ಹುಡುಗನಿಗೆ ಕೋಪ ಬಂದದ್ದು ಸಹಜ. ಆದರೆ ಅಜ್ಜಿಯ ಮೂರು ಪ್ರಶ್ನೆಗಳು ಅವರಿಗೆ ತಿಳಿಯದಂತೆಯೇ ಒಂದು ದೊಡ್ಡ ವಿಷಯದ ಬಾಗಿಲನ್ನು ತೆರೆದವು. ಪ್ರಪಂಚದಲ್ಲಿ ಎಂದೂ ಇಲ್ಲದ ಪ್ರಾಣಿಯೊಂದನ್ನು ನೋಡಿದಾಗ ಒಮ್ಮೊಮ್ಮೆ ಮನಸ್ಸು ‘ಇದು ಇದ್ದೀತು’ ಎಂದು ಒಪ್ಪಿಕೊಳ್ಳುತ್ತದೆ. ಇನ್ನೊಮ್ಮೆ ಎಷ್ಟು ಕೊಂಬು ರೆಕ್ಕೆಗಳನ್ನು ಅಂಟಿಸಿದರೂ ಒಪ್ಪುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು?

ಹುಡುಗನ ಆಟದಿಂದಲೇ ಆರಂಭಿಸಬಹುದು. ವಿಚಿತ್ರ ಜೀವಿಗಳನ್ನು ಹಿಡಿದು, ಸಾಕಿ, ಸಂಗ್ರಹಿಸುವ ಆಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಪೋಕೆಮಾನ್’ 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, ಅಂಗೈಯಗಲದ ಒಂದು ಆಟದ ಯಂತ್ರಕ್ಕಾಗಿ ಹೊರಬಂದಿತು. ಅದರ ಕಲ್ಪನೆ ಸತೋಶಿ ತಜಿರಿ ಎಂಬವರದು. ಅವರು ಬಾಲ್ಯವನ್ನು ಕಳೆದುದು ಟೋಕಿಯೋ ಸೆರಗಿನ ಮಚಿದಾ ಎಂಬ ಊರಿನಲ್ಲಿ. ಹೊಲ, ಕೊಳ, ತೋಪುಗಳಲ್ಲಿ ಕೀಟಗಳನ್ನು ಹಿಡಿಯುವುದೇ ಅವರ ಹುಚ್ಚು. ನಗರ ಬೆಳೆದಂತೆ ಆ ಹೊಲಗಳು ಹೋದವು, ಕೀಟಗಳೂ ಹೋದವು. ಕೀಟ ಹಿಡಿಯುವ ಸಂತೋಷವನ್ನು ಅರಿಯದೆ ಬೆಳೆಯುವ ಮಕ್ಕಳಿಗೆ ಅದರ ರುಚಿಯನ್ನಾದರೂ ತೋರಿಸಬೇಕೆಂಬ ಆಸೆ ಈ ಆಟದ ಹುಟ್ಟಿಗೆ ಒಂದು ಕಾರಣವಾಯಿತು. ಮೊದಲ ಆಟದಲ್ಲಿದ್ದ ಜೀವಿಗಳು 151. ಇಂದು ಆ ಸಂಖ್ಯೆ ಸಾವಿರವನ್ನು ಮೀರಿದೆ.

ಅವುಗಳಲ್ಲಿ ಕ್ಯಾಟರ್ಪಿ ಎಂಬ ಹಸಿರು ಹುಳುವೊಂದಿದೆ. ಅದರ ತಲೆಯ ಮೇಲೆ ಕವಲೊಡೆದ ಕೆಂಪು ಕೊಂಬು. ವೈರಿ ಬಂದರೆ ಆ ಕೊಂಬಿನಿಂದ ದುರ್ಗಂಧವನ್ನು ಬಿಡುತ್ತದೆಂದು ಆಟದ ವಿವರಣೆ. ಇದನ್ನು ಓದಿದ ಪಟ್ಟಣದ ಹುಡುಗ ‘ಎಂತಹ ಕಲ್ಪನೆ!’ ಎಂದು ಬೆರಗಾಗುತ್ತಾನೆ. ಆದರೆ ಅವನ ಮನೆಯ ಹಿತ್ತಿಲಿನ ಕರಿಬೇವಿನ ಗಿಡವನ್ನೋ ನಿಂಬೆಯ ಗಿಡವನ್ನೋ ಮಳೆಗಾಲದಲ್ಲಿ ಸ್ವಲ್ಪ ತಾಳ್ಮೆಯಿಂದ ನೋಡಿದರೆ ಅದೇ ಹುಳು ಅಲ್ಲಿ ಎಲೆ ಮೇಯುತ್ತಿರುವುದು ಕಾಣುತ್ತದೆ. ಎಳೆಯದಿದ್ದಾಗ ಅದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತ ಎಲೆಯ ಮೇಲೆ ಬಿದ್ದಿರುತ್ತದೆ. ಬೆಳೆದ ಮೇಲೆ ಹಸಿರಾಗಿ, ಹೆಗಲ ಭಾಗದಲ್ಲಿ ಎರಡು ಸುಳ್ಳು ಕಣ್ಣುಗಳನ್ನು ಧರಿಸುತ್ತದೆ. ಕಡ್ಡಿಯಿಂದ ಮೆಲ್ಲಗೆ ತಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಛಾಯೆಯ ಕವಲೊಂದು ಚಿಮ್ಮಿ ಹೊರಬರುತ್ತದೆ. ಅದರೊಡನೆ ಮೂಗು ಮುಚ್ಚಿಕೊಳ್ಳುವಂತಹ ಘಾಟೂ ಬರುತ್ತದೆ. ಕೆಲವೇ ದಿನಗಳಲ್ಲಿ ಅದು ಕೋಶವಾಗಿ, ಅನಂತರ ಚಿಟ್ಟೆಯಾಗುತ್ತದೆ. ಆಟದ ಹುಳುವೂ ಕೋಶವಾಗಿ ಚಿಟ್ಟೆಯಾಗುತ್ತದೆ. ಜಗತ್ತೇ ಪ್ರೀತಿಸುವ ಪಿಕಾಚುವಿನ ಕೆನ್ನೆಗಳ ಹಿಂದೆಯೂ ಇಂಥದೇ ಒಂದು ನಿಜವಿದೆ. ಅಳಿಲು ಕೆನ್ನೆಯಲ್ಲಿ ಆಹಾರವನ್ನು ತುಂಬಿಕೊಂಡಂತೆ ಪಿಕಾಚು ಅಲ್ಲಿ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಸುಳ್ಳಾದುದು ವಿದ್ಯುತ್ತು ಮಾತ್ರ, ಕೆನ್ನೆ ನಿಜವಾದದ್ದೇ.

ಅಜ್ಜಿಯ ಮೊದಲ ಪ್ರಶ್ನೆಯ ಮರ್ಮ ಇಲ್ಲಿದೆ. ‘ಏನು ತಿನ್ನುತ್ತದೆ?’ ಎಂದು ಕೇಳುವುದೆಂದರೆ, ಈ ಹಲ್ಲು, ಈ ಉಗುರು, ಈ ಮೂತಿ ಯಾವ ಕೆಲಸಕ್ಕಾಗಿ ಎಂದು ಕೇಳುವುದೇ ಆಗಿದೆ. ದೇಹದ ಅವಯವಕ್ಕೆ ಉದ್ಯೋಗವಿದ್ದರೆ ಕಣ್ಣು ಅದನ್ನು ನಂಬುತ್ತದೆ; ಉದ್ಯೋಗವಿಲ್ಲದ ಅವಯವ ಮದುವೆಮನೆಯ ಕಾಗದದ ತೋರಣದಂತೆ ಸುಮ್ಮನೆ ತೂಗಾಡುತ್ತದೆ.

ಈ ಸತ್ಯವನ್ನು ನಮ್ಮ ಕರಾವಳಿ ಬಹು ಹಿಂದೆಯೇ ಅರಿತಿತ್ತು. ಬೈಂದೂರು ತಾಲೂಕಿನ ಮರವಂತೆಯಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಲ್ಲಿಯ ಮಹಾರಾಜಸ್ವಾಮಿ ದೇವಾಲಯದಲ್ಲಿ ವರಾಹ, ವಿಷ್ಣು, ನರಸಿಂಹರಿಗೆ ಪೂಜೆ ಸಲ್ಲುತ್ತದೆ. ನೀರಿನ ತಳದಲ್ಲಿ ಮುಳುಗಿದ ಭೂಮಿಯನ್ನು ಎತ್ತಿ ತರುವ ಕಾರ್ಯಕ್ಕೆ ಪುರಾಣ ಆರಿಸಿಕೊಂಡದ್ದು ಆನೆಯನ್ನಲ್ಲ, ಗರುಡನನ್ನಲ್ಲ, ಹಂದಿಯನ್ನು. ಘಟ್ಟದ ಬುಡದ ಯಾವ ರೈತನಿಗೂ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಒಂದು ರಾತ್ರಿಯಲ್ಲಿ ಕಾಡುಹಂದಿ ಮೂತಿಯಿಂದ ಗದ್ದೆಯ ಅಂಚನ್ನು ಹೇಗೆ ಮಗುಚಿ ಹಾಕುತ್ತದೆಂಬುದನ್ನು ಬೆಳಗಾಗೆದ್ದು ಕಂಡು ನಿಟ್ಟುಸಿರು ಬಿಟ್ಟವನು ಅವನು. ಮಣ್ಣನ್ನು ಎತ್ತುವ ಮೂತಿ ಯಾವುದೆಂಬುದು ಅವನಿಗೆ ಗೊತ್ತು. ಭಕ್ತಿಯ ಮಾತು ಬೇರೆ. ರೂಪದ ಮಾತನ್ನಷ್ಟೇ ಹೇಳುವುದಾದರೆ, ವರಾಹನ ರೂಪದಲ್ಲಿ ನೋಟವೂ ಕಲ್ಪನೆಯೂ ಒಂದೇ ನೊಗಕ್ಕೆ ಹೆಗಲು ಕೊಟ್ಟಿವೆ.

ಇಟಲಿಯ ಲಿಯೊನಾರ್ಡೊ ಡ ವಿಂಚಿಯೂ ಚಿತ್ರಕಾರರಿಗೆ ಇದೇ ಬಗೆಯ ಬುದ್ಧಿವಾದವನ್ನು ಹೇಳಿದ್ದಾನೆ. ಇಲ್ಲದ ಪ್ರಾಣಿಯನ್ನು ಸಹಜವಾಗಿ ಕಾಣಿಸಬೇಕಾದರೆ ಅದರ ಒಂದೊಂದು ಅಂಗವನ್ನೂ ಇರುವ ಪ್ರಾಣಿಯಿಂದಲೇ ತೆಗೆದುಕೊಳ್ಳಬೇಕೆಂಬುದು ಅವನ ಅಭಿಪ್ರಾಯ. ಒಂದು ಘಟಸರ್ಪವನ್ನು ಬರೆಯಲು ಅವನು ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಆಮೆಯ ಕೊರಳುಗಳನ್ನು ಸೂಚಿಸುತ್ತಾನೆ.

ಆದರೆ ಅಂಗಗಳನ್ನು ಸಾಲ ತಂದರೆ ಸಾಲದು. ಅವು ಒಂದೇ ಮೈಯಾಗಿ ಬೆಸೆಯಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಸಾಲುಸಾಲಾಗಿ ನಿಂತಿರುವ ಮಕರಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ಹಂದಿಯ ಮೈ, ನವಿಲಿನ ಬಾಲ. ಲೆಕ್ಕ ಹಾಕಿದರೆ ಅದೊಂದು ಪ್ರಾಣಿಸಂಗ್ರಹಾಲಯ. ನೋಡಿದರೆ ಒಂದೇ ಪ್ರಾಣಿ. ಸೊಂಡಿಲು ಸುರುಳಿಗೊಂಡ ರೇಖೆ ಬೆನ್ನಿನ ಮೇಲೆ ಹರಿದು ಬಾಲದ ಬಳ್ಳಿಯಲ್ಲಿ ಕೊನೆಗೊಳ್ಳುತ್ತದೆ. ಎಲ್ಲಿ ಆನೆ ಮುಗಿಯಿತು, ಎಲ್ಲಿ ಹಂದಿ ತೊಡಗಿತು ಎಂದು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ. ಬಡಗಿಯ ಹೆಚ್ಚುಗಾರಿಕೆ ಮರದಲ್ಲಿಲ್ಲ, ಬೆಸುಗೆಯಲ್ಲಿದೆ.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವನ್ನು ಪ್ರಕೃತಿಯೇ ಒದಗಿಸಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಒಂದು ಪ್ರಾಣಿಯ ಚರ್ಮ ಬಂದಿತು. ಮೈತುಂಬ ರೋಮ, ಬಾತಿನ ಕೊಕ್ಕು, ಜಾಲಪಾದ. 1799ರಲ್ಲಿ ಅದನ್ನು ವರ್ಣಿಸಿದ ಜಾರ್ಜ್ ಷಾ ಎಂಬ ವಿಜ್ಞಾನಿಗೆ, ಯಾರೋ ಕುಚೇಷ್ಟೆಗಾಗಿ ಬಾತಿನ ಕೊಕ್ಕನ್ನು ಬೇರೊಂದು ಪ್ರಾಣಿಗೆ ಹೊಲಿದಿರಬಹುದೇ ಎಂಬ ಸಂಶಯ ಬಂದಿತ್ತು. ಅದೇ ಇಂದು ಶಾಲೆಯ ಪುಸ್ತಕಗಳಲ್ಲಿರುವ ಪ್ಲಾಟಿಪಸ್. ಇಲ್ಲದ ಮಕರವನ್ನು ನಂಬಿದ ಕಣ್ಣು ಇರುವ ಪ್ಲಾಟಿಪಸ್ಸನ್ನು ನಂಬಲಿಲ್ಲ! ಆ ಕೊಕ್ಕು ನೀರಿನ ತಳದ ಕೆಸರಿನಲ್ಲಿ ಕಣ್ಣು ಮುಚ್ಚಿಕೊಂಡೇ ಆಹಾರವನ್ನು ತಡಕಿ ಹಿಡಿಯುವ ಸಾಧನವೆಂದು ತಿಳಿದ ಮೇಲೆ ಅದರ ವಿಕಾರವೇ ವಿವೇಕವಾಗಿ ಕಂಡಿತು. ಇಲ್ಲಿಯೂ ಸಂಶಯವನ್ನು ಕಳೆದುದು ‘ಏನು ತಿನ್ನುತ್ತದೆ?’ ಎಂಬ ಪ್ರಶ್ನೆಯ ಉತ್ತರವೇ.

ಇನ್ನು ಅಜ್ಜಿಯ ಎರಡನೆಯ ಪ್ರಶ್ನೆ: ಎಲ್ಲಿ ಮಲಗುತ್ತದೆ? ಅಂದರೆ, ಜಗಳವಾಡದ ಹೊತ್ತಿನಲ್ಲಿ ಅದು ಏನು ಮಾಡುತ್ತಿರುತ್ತದೆ?

ಮಂದಾರ್ತಿ, ಮಾರಣಕಟ್ಟೆಗಳ ಮೇಳಗಳ ಆಟವನ್ನು ರಾತ್ರಿಯಿಡೀ ಕುಳಿತು ನೋಡಿ ಬೆಳೆದ ಈ ಸೀಮೆಯ ಜನರಿಗೆ ರಾಕ್ಷಸನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಬಣ್ಣದ ವೇಷವೆಂದರೆ ಕಪ್ಪು, ಕೆಂಪು, ಬಿಳಿಗಳ ಮುಖ. ಭುಜವನ್ನು ಮೀರಿದ ಆಭರಣ. ಮನುಷ್ಯನ ಅಳತೆಯನ್ನೇ ಮರೆಸುವ ಕಿರೀಟ. ತೆಂಕುತಿಟ್ಟಿನಲ್ಲಿ ಅಕ್ಕಿಯ ಹಿಟ್ಟು, ಸುಣ್ಣಗಳನ್ನು ಕಲಸಿ, ಮುಖದ ಮೇಲೆ ಒಂದೊಂದೇ ಮುಳ್ಳನ್ನು ಇಟ್ಟು ‘ಚಿಟ್ಟಿ’ ಕಟ್ಟುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆದರೆ ಅಷ್ಟು ಶ್ರಮಪಟ್ಟು ಸಿದ್ಧವಾದ ಮುಖವನ್ನು ಕೂಡಲೇ ತೋರಿಸುವುದಿಲ್ಲವೆಂಬುದೇ ಈ ಕಲೆಯ ಜಾಣತನ. ಮೊದಲು ಚೌಕಿಯ ಕಡೆಯಿಂದ ಅಟ್ಟಹಾಸ, ಅನಂತರ ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಆಮೇಲೆ ತೆರೆಯನ್ನು ಹಿಡಿದ ಕೈ, ಕೊನೆಗೆ ಮುಖ. ತಾಯಿಯ ಸೆರಗಿನೊಳಗೆ ಅಡಗಿದ ಮಗು ಅಷ್ಟರಲ್ಲಿ ಮುಕ್ಕಾಲು ರಾಕ್ಷಸನನ್ನು ತಾನೇ ಸೃಷ್ಟಿಸಿಕೊಂಡಿರುತ್ತದೆ.

ಇದಕ್ಕಿಂತಲೂ ಸ್ವಾರಸ್ಯವಾದ ಇನ್ನೊಂದು ಸಂಗತಿಯಿದೆ. ತೆಂಕುತಿಟ್ಟಿನ ಸಂಪ್ರದಾಯದಲ್ಲಿ ಬಣ್ಣದ ವೇಷ ತೆರೆಯ ಮರೆಯ ಒಡ್ಡೋಲಗದಲ್ಲಿ ತನ್ನ ದಿನಚರಿಯನ್ನು ಅಭಿನಯಿಸುತ್ತದೆ. ನಿದ್ದೆಯಿಂದ ಏಳುತ್ತದೆ; ಮುಖ ತೊಳೆಯುತ್ತದೆ; ಸ್ನಾನ ಮಾಡುತ್ತದೆ; ಶಿವಪೂಜೆಯನ್ನು ನೆರವೇರಿಸುತ್ತದೆ. ದೇವತೆಗಳನ್ನು ಗಡಗಡ ನಡುಗಿಸುವ ಅಸುರನಿಗೂ ಬೆಳಗಾಗುತ್ತದೆ, ಮುಖ ತೊಳೆಯಬೇಕಾಗುತ್ತದೆ ಎಂಬುದು ಎಂತಹ ಸೂಕ್ಷ್ಮ ದೃಷ್ಟಿ! ಬರಿಯ ಕ್ರೌರ್ಯ ಒಂದು ಗುಣ. ಕ್ರೌರ್ಯದೊಡನೆ ದಿನಚರಿ ಸೇರಿದರೆ ಅದೊಂದು ಜೀವ. ರಾಕ್ಷಸನಿಗೆ ಭಯಪಡುವ ಪ್ರೇಕ್ಷಕ, ಅವನು ನಿದ್ದೆಗಣ್ಣನ್ನು ಉಜ್ಜಿಕೊಳ್ಳುವಾಗ ಅವನನ್ನು ನಂಬತೊಡಗುತ್ತಾನೆ.

ಈ ಯಕ್ಷಗಾನದ ಮೇಲೆ ಶ್ರಮಪಟ್ಟು ಗ್ರಂಥವನ್ನು ರಚಿಸಿದವರು ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮಕ್ಕಳಿಗೆ ಲೋಕದ ತಿಳಿವಳಿಕೆಯನ್ನು ಕೊಡುವ ‘ಬಾಲ ಪ್ರಪಂಚ’ವನ್ನು ಬರೆದವರೂ ಅವರೇ. ರಾಕ್ಷಸನ ಮುಖವರ್ಣಿಕೆಯನ್ನು ವಿಚಾರಿಸಿದ ಕಣ್ಣೂ, ಪ್ರಾಣಿಪಕ್ಷಿಗಳ ಬಾಳನ್ನು ಮಕ್ಕಳಿಗೆ ಹೇಳಿದ ಕಣ್ಣೂ ಒಂದೇ ಆಗಿದ್ದುದು ಆಕಸ್ಮಿಕವೆಂದು ತೋರುವುದಿಲ್ಲ.

ರೂಪಕ್ಕಿಂತ ನಡೆಯೇ ಹಿರಿದೆಂಬುದಕ್ಕೂ ಇಲ್ಲಿಯೇ ಸಾಕ್ಷಿಯಿದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ ಮನೆತನದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವ ಸೂತ್ರದ ಗೊಂಬೆಯಾಟದಲ್ಲಿ ರಾಕ್ಷಸನೆಂದರೆ ಹೆಚ್ಚುಕಡಿಮೆ ಮೊಳದುದ್ದದ ಮರ. ಆ ಮರದ ತುಂಡು ಹೆಜ್ಜೆಯಿಟ್ಟಾಗ ಚೆಂಡೆಯ ಪೆಟ್ಟಿನೊಡನೆ ಅದರ ಭಾರ ನೋಡುವವರ ಎದೆಗೆ ತಾಗುತ್ತದೆ. ನವರಾತ್ರಿಯ ಹುಲಿವೇಷದಲ್ಲಿಯೂ ಅಷ್ಟೇ. ಬಣ್ಣ ಬಳಿದವರೆಲ್ಲರೂ ಹುಲಿಯಾಗುವುದಿಲ್ಲ. ಭುಜವನ್ನು ತಗ್ಗಿಸಿ, ನೆಲವನ್ನು ಮೂಸುತ್ತ, ತಟಕ್ಕನೆ ನಿಂತು ತಿರುಗಿ ನೋಡಬಲ್ಲವನೊಬ್ಬ ಆಗುತ್ತಾನೆ. ಅವನ ಪಟ್ಟೆ ಬೆವರಿನಲ್ಲಿ ಅಳಿಸಿಹೋದರೂ ಮಕ್ಕಳು ಹಿಂದಕ್ಕೆ ಸರಿಯುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ: ಯಾರಿಗೆ ಹೆದರುತ್ತದೆ?

ಯಾರಿಗೂ ಹೆದರದ ಪ್ರಾಣಿ ಶಾಶ್ವತ ವಿಜಯಿ ಎಂದು ಹುಡುಗ ಎಣಿಸಿದ್ದಾನೆ. ಪುರಾಣಕಾರರು ಹಾಗೆ ಎಣಿಸಲಿಲ್ಲ. ಬೈಂದೂರು ತಾಲೂಕಿನ ಕೊಲ್ಲೂರಿನ ಸ್ಥಳಪುರಾಣದ ಅಸುರ ಮೊದಲು ಕಂಹಾಸುರ. ಅವನು ವರ ಕೇಳುವ ಗಳಿಗೆಯಲ್ಲಿ ಮಾತೇ ಹೊರಡದಂತಾಗಿ ಮೂಕಾಸುರನಾದನು. ಬಾಯಿಯಿದ್ದೂ ಮಾತಿಲ್ಲದ ಆ ಕೊರತೆಯಿಂದಲೇ ಅವನು ನೂರು ಅಸುರರ ನಡುವೆ ನೆನಪಿನಲ್ಲಿ ಉಳಿದಿದ್ದಾನೆ. ಹಿರಣ್ಯಕಶಿಪುವಾದರೂ ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಿನಲ್ಲಲ್ಲ, ಇರುಳಿನಲ್ಲಲ್ಲ ಎಂದು ವಕೀಲನಂತೆ ಕರಾರುಪತ್ರವನ್ನು ಬರೆಸಿಕೊಂಡನು. ಆ ಪತ್ರದ ಸಾಲುಗಳ ನಡುವಿನ ಸಂದಿಯಲ್ಲಿ ಹುಟ್ಟಿದ ರೂಪ ನರಸಿಂಹ. ಅರ್ಧ ಮನುಷ್ಯ, ಅರ್ಧ ಸಿಂಹವೆಂಬುದು ಅಲಂಕಾರಕ್ಕಾಗಿ ಬಂದದ್ದಲ್ಲ; ಬೇರೆ ಯಾವ ರೂಪವೂ ಆ ಬೀಗಕ್ಕೆ ಕೀಲಿಯಾಗುತ್ತಿರಲಿಲ್ಲ.

ಶಿಲ್ಪಿಗಳು ಇದನ್ನೇ ಕಲ್ಲಿನಲ್ಲಿ ಹೇಳಿದರು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ಈ ಏಣಿಯನ್ನು ಗಮನಿಸಬೇಕು. ಕೆಳಗಿನ ನಾಲ್ಕು ಮೆಟ್ಟಿಲುಗಳು ಕಾಡಿನಲ್ಲಿ ಇರುವ ಪ್ರಾಣಿಗಳು. ಮೇಲಿನ ಎರಡು ಮಾತ್ರ ಎಲ್ಲಿಯೂ ಇಲ್ಲದವು. ಇರುವ ನಾಲ್ಕನ್ನು ಏರಿದ ಕಣ್ಣು ಅದೇ ವೇಗದಲ್ಲಿ ಇಲ್ಲದ ಎರಡನ್ನೂ ಏರಿಬಿಡುತ್ತದೆ. ಇಂದಿನ ಆಟದಲ್ಲಿ ಬೆಂಕಿಯ ಜೀವಿ ಗಿಡದ ಜೀವಿಯನ್ನು ಸುಡುತ್ತದೆ, ನೀರಿನದು ಬೆಂಕಿಯದನ್ನು ನಂದಿಸುತ್ತದೆ, ಗಿಡದ್ದು ನೀರನ್ನು ಹೀರುತ್ತದೆ ಎಂಬ ಕಟ್ಟಳೆಯಿರುವುದೂ ಇದೇ ಕಾರಣಕ್ಕೆ. ಸೋಲುವ ಬಗೆ ಗೊತ್ತಿದ್ದರೆ ಮಾತ್ರ ಗೆಲುವಿಗೆ ಅರ್ಥ.

ಇಷ್ಟೆಲ್ಲ ವಿಚಾರ ಮಕ್ಕಳ ಆಟಕ್ಕೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಇಂಗ್ಲೆಂಡಿನ ಕೇಂಬ್ರಿಜ್ಜಿನ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಸಂಗಡಿಗರು ಅಲ್ಲಿಯ ಶಾಲೆಯ ಮಕ್ಕಳಿಗೆ ಎರಡು ಬಗೆಯ ಚಿತ್ರಪತ್ರಗಳನ್ನು ತೋರಿಸಿದರು. ಒಂದು ಬಗೆಯಲ್ಲಿ ಆ ನಾಡಿನ ಗಿಡಮರ, ಪ್ರಾಣಿಪಕ್ಷಿಗಳು. ಇನ್ನೊಂದರಲ್ಲಿ ಪೋಕೆಮಾನ್ ಜೀವಿಗಳು. ಎಂಟು ವರ್ಷ ತುಂಬಿದ ಮಕ್ಕಳು ತಮ್ಮ ನೆರೆಯ ಓಕ್ ಮರವನ್ನೂ ಬ್ಯಾಜರನ್ನೂ ಗುರುತಿಸಿದ್ದಕ್ಕಿಂತ ಚೆನ್ನಾಗಿ ಎಲ್ಲಿಯೂ ಇಲ್ಲದ ಜೀವಿಗಳನ್ನು ಗುರುತಿಸಿದರು. ಇದರಲ್ಲಿ ಆಟದ ಅಪರಾಧವಿಲ್ಲ. ಮಕ್ಕಳ ಬುದ್ಧಿಗೆ ನೂರಾರು ಜೀವಿಗಳ ಹೆಸರು, ಆಹಾರ, ಸ್ವಭಾವಗಳನ್ನು ನೆನಪಿಡುವ ಶಕ್ತಿಯಿದೆ. ಆ ಶಕ್ತಿಗೆ ಹಿರಿಯರು ಮನೆಯಂಗಳದ ಜೀವಿಗಳನ್ನು ಒದಗಿಸಲಿಲ್ಲ, ಅಷ್ಟೇ.

ಆದರೆ ನಷ್ಟವು ವಿಜ್ಞಾನಕ್ಕೆ ಮಾತ್ರವಲ್ಲ, ಕಲ್ಪನೆಗೂ ಆಗುತ್ತದೆ. ತಜಿರಿ ಕೊಳದ ದಂಡೆಯಲ್ಲಿ ಕೀಟವನ್ನು ಕಂಡಿದ್ದರು. ಹಳೇಬೀಡಿನ ಶಿಲ್ಪಿಗಳು ಆನೆಯನ್ನೂ ಹಂದಿಯನ್ನೂ ಕಂಡಿದ್ದರು. ಆಟದ ಪ್ರಾಣಿಗಳನ್ನು ಮಾತ್ರ ಕಂಡ ಮಗು ನಾಳೆ ಪ್ರಾಣಿಯನ್ನು ಕಲ್ಪಿಸಹೊರಟರೆ ಅದಕ್ಕೆ ಸಿಕ್ಕುವುದು ಪ್ರತಿಯ ಪ್ರತಿ. ಆಗ ಉಳಿಯುವ ದಾರಿ ಒಂದೇ: ಎರಡು ಕೊಂಬಿದ್ದಲ್ಲಿ ಆರು, ಒಂದು ಬಾಲವಿದ್ದಲ್ಲಿ ಮೂರು. ಬತ್ತಿದ ಬಾವಿಗೆ ಹಗ್ಗವನ್ನು ಉದ್ದ ಮಾಡಿ ಫಲವೇನು?

ಮರುದಿನ ಬೆಳಿಗ್ಗೆ ಮಳೆ ಒಂದಿಷ್ಟು ಬಿಡುವು ಕೊಟ್ಟಿತು. ಒಗ್ಗರಣೆಗೆ ಸೊಪ್ಪು ತರಲೆಂದು ಅಜ್ಜಿ ಹಿತ್ತಿಲಿಗೆ ಹೋದವರು ಮೊಮ್ಮಗನನ್ನು ಕೂಗಿ ಕರೆದರು. ಕರಿಬೇವಿನ ಎಲೆಯ ಮೇಲೆ ಹಸಿರು ಹುಳುವೊಂದು ಅಲುಗಾಡದೆ ಕುಳಿತಿತ್ತು. ಅಜ್ಜಿ ಕಡ್ಡಿಯಿಂದ ಮುಟ್ಟಿದೊಡನೆ ಕೆಂಪು ಕೊಂಬು ಚಿಮ್ಮಿತು. ಹುಡುಗ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಮತ್ತೆ ಮುಂದೆ ಬಂದು ಮೊಣಕಾಲೂರಿ ಕುಳಿತ. ಬಹಳ ಹೊತ್ತಾದರೂ ಏಳಲಿಲ್ಲ.

“ಇದ್ ಯಾರಿಗ್ ಹೆದ್ರತ್ ಅಜ್ಜಿ?” ಎಂದು ಕೇಳಿದ.

ಅಜ್ಜಿ ಮಾತನಾಡದೆ ಆವರಣದ ಗೋಡೆಯ ಕಡೆಗೆ ಕಣ್ಣು ಹೊರಳಿಸಿದರು. ಅಲ್ಲಿ ಕಪ್ಪುಬಿಳುಪಿನ ಒಂದು ಪುಟ್ಟ ಹಕ್ಕಿ ಬಾಲವನ್ನು ನೆಟ್ಟಗೆ ನಿಗುರಿಸಿಕೊಂಡು ಕುಳಿತಿತ್ತು. ದಿನವೂ ಅಲ್ಲಿಯೇ ಕುಳಿತು ಹಾಡುವ ಹಕ್ಕಿ ಅದು. ಹುಡುಗ ಅದರ ಹೆಸರನ್ನು ಕೇಳಿದ್ದು ಅಂದೇ ಮೊದಲು.